ಸಾಣೆ ಹಿಡಿಯುವ ಮುನ್ನ: ಬ್ರಹ್ಮಸಮುದ್ರದ ಒಂದು ಕೆಂಪುಗಲ್ಲು ಮತ್ತು ರತ್ನಪರೀಕ್ಷೆಯ ಚರಿತ್ರೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತುಗಳ ಲಿಖಿತ ರೂಪ. ಕೊನೆಯಲ್ಲಿ ನಡೆದ ಚರ್ಚೆಯ ಎರಡು ಪ್ರಶ್ನೆಗಳನ್ನು ಉಳಿಸಿಕೊಳ್ಳಲಾಗಿದೆ.)

ನನ್ನ ದನಿ ಕೇಳ್ತಾ ಇದೆ ಅಂದುಕೊಳ್ತೀನಿ. ಸ್ಕ್ರೀನ್ ಮೇಲೆ ಈಗ ಕಾಣ್ತಿರೋದು ಒಂದು ಕಲ್ಲಿನ ಚಿತ್ರ. ಹೆಬ್ಬೆರಳಿನ ತುದಿಯಷ್ಟಿದೆ. ಒಣಗಿದ ಬೀಟ್‌ರೂಟ್ ಬಣ್ಣ, ಮೇಲೆಲ್ಲ ಮಣ್ಣಿನ ಕಂದು. ದಾರಿಯಲ್ಲಿ ಬಿದ್ದಿದ್ದರೆ ನಿಮ್ಮಲ್ಲಿ ಯಾರೂ ಬಗ್ಗಿ ಎತ್ತಿಕೊಳ್ಳುವುದಿಲ್ಲ. ಈ ಕಲ್ಲಿನಿಂದ ನಮ್ಮ ಮನೆಯಲ್ಲಿ ಐವತ್ತು ವರ್ಷ ಜಗಳ ನಡೆದಿದೆ. ಆ ಜಗಳವನ್ನೇ ಒಂದು ಸಂಶೋಧನಾ ಪ್ರಶ್ನೆಯಾಗಿ ಮಾಡಿಕೊಳ್ಳಬಹುದೇ ಎಂದು ನೋಡುವ ಪ್ರಯತ್ನ ಈ ಪ್ರಬಂಧ.

1. ಸೇರಿನ ಲೆಕ್ಕ

ನನ್ನ ಊರು ಬ್ರಹ್ಮಸಮುದ್ರದ ಕಡೆ. ಆಂಧ್ರದ ಅನಂತಪುರ ಜಿಲ್ಲೆ, ಕಲ್ಯಾಣದುರ್ಗದ ಪಕ್ಕ. ಕಚೇರಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಇದು ಒಂದು ಕಾಲದ ನೊಳಂಬವಾಡಿಯ ನೆಲ. ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಇದೇ ಸೀಮೆಯಲ್ಲಿದೆ. 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ಬಂದು ಬಳ್ಳಾರಿಗೆ ಸೇರಿದ್ದ ಈ ಭಾಗ 1882ರಲ್ಲಿ ಅನಂತಪುರ ಜಿಲ್ಲೆಯಾಯಿತು. ಶೇಂಗಾ ಬೆಳೆಯುವ, ಮಳೆಗಾಗಿ ಆಕಾಶ ನೋಡುವ ಒಣಭೂಮಿ.

ನಮ್ಮ ತಾತನ ಹೊಲದಲ್ಲಿ ಉಳುವಾಗ ಕೆಂಪುಗಲ್ಲುಗಳು ಸಿಗುತ್ತಿದ್ದವಂತೆ. ಗುಂಟೆ ಹೊಡೆದ ಮೇಲೆ ಆರಿಸಿ ಬದುವಿಗೆ ಹಾಕುತ್ತಿದ್ದರು. 1965-66ರ ಬರದಲ್ಲಿ ಒಬ್ಬ ವ್ಯಾಪಾರಿ ಬಂದು, ಅವನ್ನೆಲ್ಲ ಸೇರಿನಲ್ಲಿ ಅಳೆಸಿ ಒಂದು ಗೋಣಿಚೀಲ ತುಂಬಿಸಿಕೊಂಡು ಹೋದ. ತಾತನಿಗೆ ಬಂದ ದುಡ್ಡು ಮನೆಗೆ ಎರಡು ತಿಂಗಳ ಜೋಳಕ್ಕಾಯಿತು. ಆಮೇಲೆ ಯಾರೋ ಅವ್ವನ ಕಿವಿಗೆ ಹಾಕಿದರು, "ಅವು ಮಾಣಿಕ್ಯ ಕಣಮ್ಮ" ಅಂತ. ಅಲ್ಲಿಂದ ಶುರು. ಮನೆಯಲ್ಲಿ ಉಪ್ಪು ಕಡಿಮೆಯಾದರೂ ಅದೇ ಮಾತು: "ಮಾಣಿಕ್ಯಾನ ಸೇರಲ್ಲಿ ಅಳೆದು ಕೊಟ್ಟ ಪುಣ್ಯಾತ್ಮ ನೋಡು ನಿಮ್ಮ ತಾತ."

ವಿಜಯನಗರದಲ್ಲಿ ಮುತ್ತುರತ್ನಗಳನ್ನು ಬಳ್ಳದಿಂದ ಅಳೆದು ಮಾರುತ್ತಿದ್ದರು ಎಂದು ನಾವೆಲ್ಲ ಶಾಲೆಯಲ್ಲಿ ಹೆಮ್ಮೆಯಿಂದ ಓದಿದವರು. ಅದೇ ಮಾತು ನಮ್ಮ ಮನೆಯಲ್ಲಿ ಬೈಗುಳವಾಗಿತ್ತು. ತಾತ ಸಾಯುವವರೆಗೂ ಅದಕ್ಕೆ ಉತ್ತರ ಕೊಡಲಿಲ್ಲ. ಅವರ ಪೆಟ್ಟಿಗೆಯಲ್ಲಿ ಎರಡು ಕಲ್ಲು ಮಾತ್ರ ಉಳಿದಿದ್ದವು. ಇಷ್ಟಕ್ಕೇ ನನ್ನ ಪ್ರಶ್ನೆ: ತಾತ ಮೋಸಹೋದರೇ? ಇದಕ್ಕೆ ಉತ್ತರ ಬೇಕಾದರೆ, ಒಂದು ಕೆಂಪುಗಲ್ಲನ್ನು ಆಭರಣವಾಗಿ ಕೆತ್ತುವ ಮೊದಲು ಈ ನಾಡಿನಲ್ಲಿ ಯಾರು, ಹೇಗೆ, ಯಾರ ಪರವಾಗಿ ಪರೀಕ್ಷಿಸುತ್ತಿದ್ದರು ಎಂಬುದನ್ನು ನೋಡಬೇಕು.

2. ಒಂದು ಪದದ ಪ್ರಯಾಣ

ಊರಲ್ಲಿ ಆ ಕಲ್ಲಿಗೆ ಕುರುಂದದ ಕಲ್ಲು ಅಂತಲೇ ಹೆಸರು. ಸಂಸ್ಕೃತದಲ್ಲಿ ಕುರುವಿಂದ, ತೆಲುಗಿನಲ್ಲಿ ಕುರುವಿಂದಂ, ತಮಿಳಿನಲ್ಲಿ ಕುರುಂದಂ. ಖನಿಜಶಾಸ್ತ್ರದ ಪುಸ್ತಕಗಳಲ್ಲಿ ನಾವು ಓದುವ 'ಕೊರಂಡಮ್' ಎಂಬ ಶಬ್ದ ಹುಟ್ಟಿದ್ದು ದಕ್ಷಿಣ ಭಾರತದ ಈ ಮಾತಿನಿಂದಲೇ. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬ ಸಂಗ್ರಾಹಕ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಏಷ್ಯಾದ ಈ ಕಲ್ಲಿನ ಬಗ್ಗೆ ಲೇಖನ ಬರೆದ. 1802ರಲ್ಲಿ ಕೌಂಟ್ ದ ಬೂರ್ನೊ ಅದರ ಹರಳಿನ ಆಕಾರವನ್ನು ವಿವರವಾಗಿ ಪರಿಶೀಲಿಸಿ, ಕೆಂಪು ಮಾಣಿಕ್ಯ, ನೀಲ ಮತ್ತು ಈ ಒರಟು ಕುರುಂದ ಮೂರೂ ಒಂದೇ ಖನಿಜದ ಬಗೆಗಳು ಎಂದು ತೋರಿಸಿದ.

ಮೂರೂ ಅಲ್ಯೂಮಿನಿಯಂ ಆಕ್ಸೈಡ್. ಅದರೊಳಗೆ ಚೂರು ಕ್ರೋಮಿಯಂ ಸೇರಿದರೆ ಕೆಂಪು. ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ಬೆಳಕು ಒಳಗೆ ಹಾದುಹೋದರೆ ರತ್ನ, ಹೋಗದಿದ್ದರೆ ಸಾಣೆಯ ಪುಡಿ. ಅಂದ್ರೆ ಅವ್ವನ ಕಿವಿಗೆ ಬಿದ್ದ ಮಾತು ಪೂರ್ತಿ ಸುಳ್ಳಲ್ಲ. ಜಾತಿಯಲ್ಲಿ ಅವು ಮಾಣಿಕ್ಯವೇ. ಆದರೆ ಸಂತೆಯಲ್ಲಿ ಜಾತಿ ಒಂದೇ ಸಾಲುವುದಿಲ್ಲ, ನೋಡಿ.

ಇನ್ನೊಂದು ಪದವನ್ನೂ ಗಮನಿಸಬೇಕು. ಕನ್ನಡದ ಮನೆಗಳಲ್ಲಿ 'ಕೆಂಪಿನ ಓಲೆ', 'ಕೆಂಪಿನ ಉಂಗುರ' ಅಂತೀವಿ. ನಾವು ಹರಳಿಗೆ ಇಟ್ಟಿರುವುದು ಬಣ್ಣದ ಹೆಸರು. ಈ 'ಕೆಂಪು' ಅನ್ನುವುದರೊಳಗೆ ಮಾಣಿಕ್ಯ, ಸ್ಪಿನೆಲ್, ಗಾರ್ನೆಟ್, ಗಾಜು ಎಲ್ಲವೂ ಬಂದು ಕೂತಿವೆ. 1902ರ ಹೊತ್ತಿಗೆ ಫ್ರಾನ್ಸಿನ ವೆರ್ನೂಯಿ ಜ್ವಾಲೆಯಲ್ಲಿ ಕೃತಕ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಅದೂ ಸೇರಿಕೊಂಡಿತು. ಈ ಗೊಂದಲ ನಮ್ಮೊಬ್ಬರದಲ್ಲ. ಬ್ರಿಟಿಷ್ ಕಿರೀಟದಲ್ಲಿರುವ 'ಬ್ಲ್ಯಾಕ್ ಪ್ರಿನ್ಸ್‌ನ ಮಾಣಿಕ್ಯ' ವಾಸ್ತವದಲ್ಲಿ ಸ್ಪಿನೆಲ್. ರಾಜರ ತಲೆಯ ಮೇಲೇ ಹೀಗಾಗಿರುವಾಗ ನಮ್ಮ ಹೊಲದ ಬದುವಿನ ಮಾತೇನು.

3. ಗ್ರಂಥದಲ್ಲಿ ಪರೀಕ್ಷೆ: ಬೊಕ್ಕಸದ ಕಣ್ಣು

ನಮ್ಮಲ್ಲಿ ರತ್ನಪರೀಕ್ಷೆ ಹಳೆಯ ವಿದ್ಯೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಬರುವುದು ಬೊಕ್ಕಸದ ಅಧ್ಯಕ್ಷನ ಕೆಲಸದ ಭಾಗವಾಗಿ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲೂ ರತ್ನಗಳ ವಿಚಾರ ಇರುವುದು ಕೋಶದ ಪ್ರಸ್ತಾಪದಲ್ಲಿ. ಇಬ್ಬರೂ ಕೇಳುವುದು ಒಂದೇ ಪ್ರಶ್ನೆ: ಅರಮನೆಯ ಬಾಗಿಲಿಗೆ ಬಂದ ಕಲ್ಲನ್ನು ಒಳಗೆ ತೆಗೆದುಕೊಳ್ಳಬೇಕೇ, ಬೇಡವೇ?

ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಪದ್ಮರಾಗದ, ಅಂದರೆ ಮಾಣಿಕ್ಯದ, ಮೂರು ಮೂಲಗಳನ್ನು ಹೇಳುತ್ತಾನೆ: ಸೌಗಂಧಿಕ, ಕುರುವಿಂದ, ಸ್ಫಟಿಕ. ಇವುಗಳಲ್ಲಿ ಕುರುವಿಂದದಿಂದ ಹುಟ್ಟಿದ್ದು ಬಣ್ಣ ಕಲಸಿದಂತೆ, ಕಾಂತಿ ಮಂದ, ಬೇರೆ ಧಾತುಗಳು ಬೆರೆತಿರುತ್ತವೆ ಎಂಬುದು ಅವನ ಅಭಿಪ್ರಾಯ. ಇದನ್ನು ಮೊದಲ ಸಲ ಓದಿದಾಗ ನಾನು ತಾತನ ಕಲ್ಲನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಕಲಸಿದ ಬಣ್ಣ, ಮಂದ ಕಾಂತಿ, ಒಳಗೆ ಅಭ್ರಕದಂಥ ಪೊರೆ. ಅವನು ನಮ್ಮ ಬದುವಿನಲ್ಲಿ ಕೂತೇ ಬರೆದಂತಿತ್ತು.

ಇನ್ನೂ ಮುಖ್ಯವಾದದ್ದು ಗರುಡಪುರಾಣದ ರತ್ನಭಾಗದಲ್ಲಿದೆ. ಪದ್ಮರಾಗ ಮತ್ತು ಇಂದ್ರನೀಲದ ಮೇಲೆ ಗೀರು ಎಳೆಯುವ ಶಕ್ತಿ ಇರುವುದು ಎರಡಕ್ಕೇ, ವಜ್ರ ಮತ್ತು ಕುರುವಿಂದ ಎನ್ನುತ್ತದೆ ಅದು. 1812ರಲ್ಲಿ ಫ್ರೆಡರಿಕ್ ಮೋಸ್ ರೂಪಿಸಿದ ಗಡಸುತನದ ಅಳತೆಯಲ್ಲಿ ವಜ್ರ 10, ಕುರುಂದ 9, ಮಾಣಿಕ್ಯ ನೀಲಗಳೂ 9. ಒಂದೇ ಗಡಸಿನ ಕಲ್ಲು ತನ್ನ ಜಾತಿಯ ಕಲ್ಲನ್ನು ಗೀರಬಲ್ಲದು. ರಾಸಾಯನಿಕ ವಿಶ್ಲೇಷಣೆ ಇಲ್ಲದ ಕಾಲದಲ್ಲಿ ಮಾಣಿಕ್ಯ, ನೀಲ, ಕುರುಂದಗಳನ್ನು ಒಂದೇ ವಾಕ್ಯದಲ್ಲಿ ತಂದು ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ.

ಈ ತಿಳಿವಳಿಕೆ ಎಲ್ಲಿಂದ ಬಂತು? ನನ್ನ ವಾದ ಇದು: ಶ್ಲೋಕ ಬರೆದವನು ತಾನೇ ಕೂತು ಕಲ್ಲು ಗೀರಿ ಕಂಡುಕೊಂಡದ್ದಕ್ಕಿಂತ, ಸಾಣೆಯ ಮುಂದೆ ದಿನವೆಲ್ಲ ಕೂರುವವನ ಕೈಗೆ ಗೊತ್ತಿದ್ದುದನ್ನು ಕೇಳಿ ಬರೆದಿರುವ ಸಾಧ್ಯತೆಯೇ ಹೆಚ್ಚು. ಗ್ರಂಥಗಳು ರತ್ನಗಳನ್ನು ವರ್ಣಾಶ್ರಮದ ಏಣಿಯ ಮೇಲೆ ನಿಲ್ಲಿಸಿ ಇದು ಬ್ರಾಹ್ಮಣ, ಇದು ಶೂದ್ರ ಎಂದು ಹೆಸರಿಟ್ಟವು. ಆದರೆ ಯಾವುದು ಯಾವುದನ್ನು ಕೊಯ್ಯುತ್ತದೆ ಎಂಬುದನ್ನು ಏಣಿಯಿಂದ ತಿಳಿಯಲಾಗುವುದಿಲ್ಲ. ಅದಕ್ಕೆ ಕೈ ಸವೆಯಬೇಕು.

4. ಬಜಾರಿನ ಬೆಳಕು

ಈಗ ಬಜಾರಿಗೆ ಬರೋಣ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ರತ್ನವ್ಯಾಪಾರಿಗಳು ಮಾಣಿಕ್ಯ, ಮುತ್ತು, ವಜ್ರ, ಪಚ್ಚೆಗಳನ್ನು ಬಜಾರಿನಲ್ಲಿ ರಾಜಾರೋಷವಾಗಿ ಮಾರುತ್ತಿದ್ದುದನ್ನು ದಾಖಲಿಸಿದ್ದಾನೆ. 1520ರ ಸುಮಾರಿಗೆ ಬಂದ ಪೇಸ್ ಕೂಡ ಇದನ್ನೇ ಹೇಳುತ್ತಾನೆ. ಆದರೆ ಆ ಮಾಣಿಕ್ಯಗಳು ಎಲ್ಲಿಯವು? ಬಾರ್ಬೋಸಾನ ಬರಹ ನೋಡಿದರೆ ಒಳ್ಳೆಯ ಕೆಂಪು ಬರುತ್ತಿದ್ದುದು ಪೆಗುವಿನಿಂದ, ಅಂದರೆ ಬರ್ಮಾದಿಂದ, ಮತ್ತು ಸಿಂಹಳದಿಂದ. ಸಿಂಹಳದಲ್ಲಿ ಮಾಣಿಕ್ಯವನ್ನು ಕೆಲವು ತಾಸು ಬೆಂಕಿಯಲ್ಲಿಟ್ಟು, ಒಡೆಯದೆ ಹೊರಬಂದರೆ ಬಣ್ಣ ಏರಿರುತ್ತದೆ ಎಂದು ಬೆಲೆ ಹೆಚ್ಚಿಸುತ್ತಿದ್ದರು ಎಂಬ ವಿವರವೂ ಅವನಲ್ಲಿದೆ. ಇಂದಿನ ಪ್ರಯೋಗಾಲಯಗಳು ಸರ್ಟಿಫಿಕೇಟಿನಲ್ಲಿ 'ಶಾಖ ಕೊಟ್ಟದ್ದು' ಎಂದು ಬರೆಯುತ್ತವಲ್ಲ, ಅದರ ಅಜ್ಜ ಇದು.

ಪರೀಕ್ಷೆಯ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಅತ್ಯಂತ ಜೀವಂತ ಸಾಕ್ಷಿ ಹದಿನೇಳನೆಯ ಶತಮಾನದ ಫ್ರೆಂಚ್ ವ್ಯಾಪಾರಿ ತಾವರ್ನಿಯೆ. ಅವನು ಕಂಡ 'ರಾವೊಲ್ಕೊಂಡ'ವನ್ನು ವಿದ್ವಾಂಸರು ಕರ್ನೂಲು ಜಿಲ್ಲೆಯ ರಾಮಳ್ಳಕೋಟೆ ಎಂದು ಗುರುತಿಸಿದ್ದಾರೆ. ನಮ್ಮ ನೆರೆಯ ಜಿಲ್ಲೆ ಅದು. ಅಲ್ಲಿ ಮೂರು ಸಂಗತಿಗಳನ್ನು ಅವನು ಬರೆದಿಟ್ಟಿದ್ದಾನೆ.

ಮೊದಲನೆಯದು, ದೀಪ. ಯುರೋಪಿನವರು ಕಲ್ಲನ್ನು ಹಗಲಲ್ಲಿ ನೋಡಿದರೆ ಇಲ್ಲಿಯವರು ರಾತ್ರಿ ನೋಡುತ್ತಾರೆ. ಗೋಡೆಯಲ್ಲಿ ಒಂದಡಿಯ ಗೂಡು, ಅದರೊಳಗೆ ದಪ್ಪ ಬತ್ತಿಯ ದೀಪ. ಬೆರಳ ಸಂದಿಯಲ್ಲಿ ಕಲ್ಲು ಹಿಡಿದು ಅದರ ನೀರು, ದೋಷ ಎರಡನ್ನೂ ತೀರ್ಮಾನಿಸುತ್ತಾರೆ. ಎರಡನೆಯದು, ನೆರಳು. ಕಲ್ಲಿನಲ್ಲಿ ನೀಲಿಯ ಛಾಯೆ ಅಡಗಿದೆಯೇ ಎಂದು ತಿಳಿಯಲು ದಟ್ಟ ಎಲೆಗಳ ಮರದ ಕೆಳಗೆ, ಆ ಹಸಿರು ನೆರಳಿನಲ್ಲಿ ನೋಡುತ್ತಾರೆ. ಮೂರನೆಯದು, ಮಕ್ಕಳು. ಹತ್ತು ಹದಿನೈದು ವರ್ಷದ ಹುಡುಗರು ಮರದ ಕೆಳಗೆ ತೂಕದ ಚೀಲ ಇಟ್ಟುಕೊಂಡು ಕೂತಿರುತ್ತಾರೆ. ಯಾರಾದರೂ ಕಲ್ಲು ತಂದರೆ ದೊಡ್ಡ ಹುಡುಗನ ಕೈಗೆ ಕೊಡುತ್ತಾರೆ. ಅವನು ನೋಡಿ ಪಕ್ಕದವನಿಗೆ, ಅವನು ಇನ್ನೊಬ್ಬನಿಗೆ, ಮಾತಿಲ್ಲದೆ ಕೈಯಿಂದ ಕೈಗೆ. ದೊಡ್ಡವರ ವ್ಯಾಪಾರದಲ್ಲೂ ಮಾತಿಲ್ಲ. ಬಟ್ಟೆಯ ಕೆಳಗೆ ಕೈ ಹಿಡಿದು, ಇಡೀ ಕೈ ಒತ್ತಿದರೆ ಸಾವಿರ, ಒಂದು ಬೆರಳು ಹಿಡಿದರೆ ನೂರು.

ಬಟ್ಟೆಯ ಕೆಳಗಿನ ಈ ಕೈಯನ್ನು ನೆನಪಿಟ್ಟುಕೊಳ್ಳಿ. ಪರೀಕ್ಷೆ ಅಂದ್ರೆ ಬರೀ ಕಲ್ಲನ್ನು ತಿಳಿಯುವುದಲ್ಲ, ತಿಳಿದದ್ದನ್ನು ಪಕ್ಕದವನಿಗೆ ಗೊತ್ತಾಗದಂತೆ ಇಟ್ಟುಕೊಳ್ಳುವುದೂ ಹೌದು. ಕಲ್ಲು ಅಗೆದವನು ಆ ಬಟ್ಟೆಯ ಒಳಗೆ ಕೈ ಹಾಕುವಂತಿರಲಿಲ್ಲ. 1535ರ ಸುಮಾರಿನ ನೂನಿಜ್ ಹೇಳುವಂತೆ ವಜ್ರದ ಗಣಿಗಳಲ್ಲಿ ಇಪ್ಪತ್ತು ಮಂಜಾಡಿಗಿಂತ ತೂಕದ ಕಲ್ಲೆಲ್ಲ ಅರಸನ ಬೊಕ್ಕಸಕ್ಕೆ ಹೋಗಬೇಕಿತ್ತು.

ಪರೀಕ್ಷೆ ಕೆತ್ತನೆಗೆ ಮುಂಚೆಯೇ ನಡೆಯಬೇಕು ಎಂಬುದಕ್ಕೆ ನಮ್ಮ ಆಭರಣದ ಕಟ್ಟಣೆಯೂ ಒಂದು ಕಾರಣ. ಕುಂದಣದ ಕೆಲಸದಲ್ಲಿ ಹರಳಿನ ಹಿಂಬದಿ ಮುಚ್ಚಿರುತ್ತದೆ, ಕೆಳಗೆ ಬಣ್ಣದ ತೆಳು ತಗಡು ಇಡುತ್ತಾರೆ. ಒಮ್ಮೆ ಕೂರಿಸಿದ ಮೇಲೆ ಕಲ್ಲಿನ ಬಣ್ಣ ಎಷ್ಟು, ತಗಡಿನ ಬಣ್ಣ ಎಷ್ಟು ಎಂದು ಹೇಳುವುದು ಕಷ್ಟ.

5. ಸಾಣೆಯೊಳಗಿನ ಕಲ್ಲು

ಕುರುಂದಕ್ಕೆ ಇನ್ನೊಂದು ಬಾಳು ಇತ್ತು. ನಮ್ಮ ಸಾಣೆಗಾರರ ಚಕ್ರ ಬರೀ ಕಲ್ಲಲ್ಲ. ಕುರುಂದವನ್ನು ಕುಟ್ಟಿ ಪುಡಿ ಮಾಡಿ, ಅರಗಿನ ಜೊತೆ ಕರಗಿಸಿ ಬೆರೆಸಿ, ಬಿಲ್ಲೆಯ ಆಕಾರಕ್ಕೆ ತಂದದ್ದು. ಒಂದು ಕೈಯಲ್ಲಿ ಕಮಾನು ಎಳೆದು ಚಕ್ರ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಕಡ್ಡಿಗೆ ಅರಗಿನಿಂದ ಅಂಟಿಸಿದ ಹರಳನ್ನು ಒತ್ತಿ ಹಿಡಿಯುತ್ತಿದ್ದರು. ಪೆಗುವಿನ ಮಾಣಿಕ್ಯ ಹೊಳೆಯಬೇಕಾದರೆ ನಮ್ಮಂಥ ಒಣಹೊಲದ ಕುರುಂದ ಪುಡಿಯಾಗಬೇಕಿತ್ತು. ಹಾಗೆ ನೋಡಿದರೆ ಸೇರಿನಲ್ಲಿ ಅಳೆಯುವುದು ಮೂರ್ಖತನವಲ್ಲ, ಅದೇ ಆ ಸರಕಿನ ಸರಿಯಾದ ಮಾಪನ. ಮಾಣಿಕ್ಯಕ್ಕೆ ಮಂಜಾಡಿ, ಕುರುಂದಕ್ಕೆ ಸೇರು.

ಭಾರತದ ಭೂವಿಜ್ಞಾನ ಸರ್ವೇಕ್ಷಣೆ ಆರ್ಥಿಕ ಖನಿಜಗಳ ಕೈಪಿಡಿಯ ಮೊದಲ ಭಾಗವನ್ನೇ ಈ ಕಲ್ಲಿಗೆ ಮೀಸಲಿಟ್ಟಿತ್ತು. ಟಿ. ಎಚ್. ಹಾಲೆಂಡ್ 1898ರಲ್ಲಿ ಬರೆದದ್ದು. ಆಗ ಸರ್ಕಾರಕ್ಕೆ ಇದ್ದ ಆಸೆ ಉಜ್ಜುವ ಕಲ್ಲಿನ ಮೇಲೆ. ಆದರೆ ಅಷ್ಟರಲ್ಲೇ ಅಮೆರಿಕದಲ್ಲಿ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಕಾರ್ಬೊರಂಡಮ್ ತಯಾರಿಸಿ 1893ರಲ್ಲಿ ಪೇಟೆಂಟ್ ಪಡೆದಿದ್ದ. ಆ ಹೆಸರಿನ ಬಾಲದಲ್ಲೂ ನಮ್ಮ ಕುರುಂದವೇ ಇದೆ. 1954ರಲ್ಲಿ ಮದರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಶುರುವಾಯಿತು. ಕಾರ್ಖಾನೆಯ ಸಾಣೆಚಕ್ರ ಊರೂರಿಗೆ ಬಂದಂತೆ ಹೊಲದ ಕುರುಂದ ಕೇಳುವವರು ಕಡಿಮೆಯಾದರು. ಬರದ ವರ್ಷದಲ್ಲಿ ಗೋಣಿಚೀಲ ಹಿಡಿದು ಬಂದ ಆ ವ್ಯಾಪಾರಿ ಬಹುಶಃ ಆ ಹಳೆಯ ವ್ಯಾಪಾರದ ಕೊನೆಯವರಲ್ಲಿ ಒಬ್ಬ.

6. ಎರಡು ಕಲ್ಲು, ಒಂದು ತಪ್ಪು

ಈಗ ಪೆಟ್ಟಿಗೆಯಲ್ಲಿ ಉಳಿದ ಎರಡು ಕಲ್ಲುಗಳ ವಿಷಯ. ತಂಗಿಯ ಮದುವೆ ಗೊತ್ತಾಯಿತು. "ತಾತನ ಕಲ್ಲಲ್ಲಿ ಒಂದು ಪದಕ ಮಾಡಿಸೋಣ" ಅಂದರು ಅಮ್ಮ. ನಾನು ಅವಸರದಲ್ಲಿ ಮೊದಲ ಕಲ್ಲನ್ನು ಒಂದು ಅಂಗಡಿಗೆ ಕೊಟ್ಟುಬಿಟ್ಟೆ. ಏನನ್ನೂ ನೋಡಲಿಲ್ಲ, ತೂಗಲಿಲ್ಲ, ಒಂದು ಫೋಟೋ ಕೂಡ ತೆಗೆಯಲಿಲ್ಲ. ಅವರು ತೂಕ ಹೆಚ್ಚು ಉಳಿಯಲಿ ಎಂದು ಕಲ್ಲನ್ನು ಉದ್ದಕ್ಕೆ ಮಲಗಿಸಿ ಗುಮ್ಮಟದಂತೆ ಉಜ್ಜಿಕೊಟ್ಟರು. ಕೆಂಪೇನೋ ಇತ್ತು. ಒಂದು ಸಂಜೆ ಮೊಬೈಲ್ ಟಾರ್ಚ್ ಬೆಳಕಿನಲ್ಲಿ ತಿರುಗಿಸಿದಾಗ ಕಲ್ಲಿನ ಅಂಚಿನಲ್ಲಿ, ಕೂರಿಸಿದರೆ ಚಿನ್ನದೊಳಗೆ ಹೂತುಹೋಗುವ ಜಾಗದಲ್ಲಿ, ಅರ್ಧ ನಕ್ಷತ್ರ ಕಂಡಿತು. ಹೊಟ್ಟೆ ಉರಿಯಿತು. ತಾತನನ್ನು ಐವತ್ತು ವರ್ಷ ಬೈದ ಮನೆಯಲ್ಲಿ ನಾನು ಒಂದೇ ವಾರದಲ್ಲಿ ಅದೇ ಕೆಲಸ ಮಾಡಿದ್ದೆ.

ಯಾಕೆ ಹಾಗಾಯಿತು ಅಂದ್ರೆ, ಕುರುಂದ ಬೆಳೆಯುವುದು ಆರು ಮೂಲೆಯ ಪೀಪಾಯಿಯ ಆಕಾರದಲ್ಲಿ. ಒಳಗೆ ರೂಟೈಲ್ ಎಂಬ ಖನಿಜದ ಕೂದಲಿಗಿಂತ ಸಣ್ಣ ಸೂಜಿಗಳು ಆ ಪೀಪಾಯಿಯ ಅಡ್ಡಕ್ಕೆ ಮೂರು ದಿಕ್ಕಿನಲ್ಲಿ ಮಲಗಿರುತ್ತವೆ. ಬೆಳಕು ಅವುಗಳ ಮೇಲೆ ಬಿದ್ದು ಆರು ಕಿರಣಗಳ ನಕ್ಷತ್ರವಾಗುತ್ತದೆ. ಆದರೆ ಗುಮ್ಮಟದ ನೆತ್ತಿ ಪೀಪಾಯಿಯ ನಡುಗೆರೆಯ ಮೇಲೆಯೇ ಬಂದರೆ ಮಾತ್ರ ನಕ್ಷತ್ರ ನಡುವೆ ನಿಲ್ಲುತ್ತದೆ. ಉದ್ದಕ್ಕೆ ಮಲಗಿಸಿದರೆ ಅಂಚಿಗೆ ಓಡುತ್ತದೆ. ಕರ್ನಾಟಕದ ಅಪಾರದರ್ಶಕ ಮಾಣಿಕ್ಯಗಳಿಗೆ ಬೆಲೆ ಇರುವುದೇ ಈ ನಕ್ಷತ್ರದಿಂದ.

ಎರಡನೆಯ ಕಲ್ಲಿಗೆ ಮೂರು ವಾರ ಕೊಟ್ಟೆ. ಮೊದಲು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿದೆ: ಗಾಳಿಯಲ್ಲಿ 8.4 ಗ್ರಾಂ, ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ 6.3. ವ್ಯತ್ಯಾಸ 2.1. ಭಾಗಿಸಿದರೆ 4.0, ಕುರುಂದದ ಸಾಂದ್ರತೆ. ಸ್ಪಿನೆಲ್ ಆಗಿದ್ದರೆ 3.6ರ ಹತ್ತಿರ ನಿಲ್ಲುತ್ತಿತ್ತು. ಕೆಲವು ಗಾರ್ನೆಟ್‌ಗಳೂ 4ರ ಆಸುಪಾಸು ಬರುವುದರಿಂದ ಇದೊಂದೇ ಸಾಲದು. ಭೂವಿಜ್ಞಾನ ಓದುವ ಗೆಳತಿ ಕಲ್ಲಿನ ತೆಳು ಅಂಚನ್ನು ಡೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಪಕ್ಕಪಕ್ಕದ ಎರಡು ಕಿಟಕಿಗಳಲ್ಲಿ ಒಂದರಲ್ಲಿ ನೇರಳೆಗೆಂಪು, ಇನ್ನೊಂದರಲ್ಲಿ ಕಿತ್ತಳೆಗೆಂಪು. ಗಾರ್ನೆಟ್ ಆಗಲಿ ಸ್ಪಿನೆಲ್ ಆಗಲಿ ಹೀಗೆ ಎರಡು ಬಣ್ಣ ತೋರಿಸುವುದಿಲ್ಲ.

ಆಮೇಲೆ ಬೆಂಗಳೂರಿನ ಪೇಟೆಯ ಓಣಿಯೊಂದರಲ್ಲಿ ಕಲ್ಲು ಕೆತ್ತುವ ಹಿರಿಯರೊಬ್ಬರ ಬಳಿ ಹೋದೆ. ಅವರು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಕಲ್ಲನ್ನು ನೀರಲ್ಲಿ ಅದ್ದಿದರು, ಒರೆಸಿದರು, ಒಂಟಿ ಬಲ್ಬಿನ ಕೆಳಗೆ ಓರೆಯಾಗಿ ಹಿಡಿದರು. ಒಂದು ತುದಿಯಲ್ಲಿ ಸಣ್ಣ ತ್ರಿಕೋನದ ಗುರುತುಗಳು ಕಂಡವು. "ನೋಡಪ್ಪ, ಇದು ಇದರ ತಲೆ" ಅಂದರು. ಆ ಮುಖವನ್ನು ಚೂರೇ ಉಜ್ಜಿ ಒಂದು ಹನಿ ಎಣ್ಣೆ ಬಿಟ್ಟರು. ಎಣ್ಣೆಯ ಹನಿಯೊಳಗೆ ನಕ್ಷತ್ರ ಎದ್ದಿತು. ನಾನು ತಾವರ್ನಿಯೆಯ ಗೋಡೆಗೂಡಿನ ದೀಪವನ್ನು ನೆನೆಸಿಕೊಂಡೆ. ಅವರು ಇನ್ನೊಂದು ಮಾತು ಹೇಳಿದರು: "ಬಿರುಕು ಇಲ್ಲೈತೆ. ನಿಂಗೆ ತೂಕ ಬೇಕೋ, ನಕ್ಷತ್ರ ಬೇಕೋ ಮೊದಲು ಹೇಳು. ಸಾಣೆಗೆ ಇಟ್ಟ ಮೇಲೆ ಕೇಳಬ್ಯಾಡ."

ನಕ್ಷತ್ರ ಅಂದೆ. 42 ಕ್ಯಾರೆಟ್ಟಿನ ಕಲ್ಲು 15 ಕ್ಯಾರೆಟ್ಟಾಯಿತು. ಒಂದು ಕೋರಿಕೆ ಇಟ್ಟೆ, ತಳವನ್ನು ಉಜ್ಜಬೇಡಿ ಎಂದು. ಅಲ್ಲಿ ಆರು ಮೂಲೆಯಲ್ಲಿ ಎರಡು ಮೂಲೆಯ ಗುರುತು, ಒಂದಿಷ್ಟು ಮಣ್ಣಿನ ಕಲೆ ಹಾಗೇ ಉಳಿದಿವೆ. ಇದು ಚರಿತ್ರೆಯ ವಿದ್ಯಾರ್ಥಿಯ ಹಟ. ಮ್ಯೂಸಿಯಂನಲ್ಲಿ ನಾವು ಕಾಣುವ ಆಭರಣವೆಂಬುದು ಮೊದಲ ಪುಟಗಳನ್ನು ಹರಿದುಹಾಕಿದ ಕಡತ. ಹರಳು ಹೊಳೆಯುವಂತೆ ಮಾಡಿದ ಸಾಣೆಯೇ ಅದರ ಮಣ್ಣು, ಆಕಾರ, ಅಗೆದವನ ಗುದ್ದಲಿಯ ಗುರುತು ಎಲ್ಲವನ್ನೂ ಅಳಿಸಿರುತ್ತದೆ. ಆದ್ದರಿಂದ ಕೆತ್ತುವ ಮುನ್ನಿನ ನೋಟವನ್ನು ಬರೆದಿಡದಿದ್ದರೆ ಅದು ಇನ್ನೆಲ್ಲೂ ಸಿಗುವುದಿಲ್ಲ.

7. ತಾತನ ಲೆಕ್ಕ

ಮೊದಲಿನ ಪ್ರಶ್ನೆಗೆ ಬರುತ್ತೇನೆ. ಒಂದು ಗೋಣಿಚೀಲ ಕುರುಂದದಲ್ಲಿ ಬಹುಪಾಲು ಸಾಣೆಯ ಪುಡಿಗೇ ಲಾಯಕ್ಕು. ತಾತ ಅದನ್ನು ಸೇರಿನಲ್ಲಿ ಮಾರಿದ್ದು ತಪ್ಪಲ್ಲ. ಆದರೆ ಚೀಲದೊಳಗೆ ಬೆಳಕಿಗೆ ಹಿಡಿಯಬೇಕಾದ ಕೆಲವು ಕಲ್ಲುಗಳಿದ್ದವು ಎಂಬುದಕ್ಕೆ ಉಳಿದ ಎರಡೇ ಸಾಕ್ಷಿ. ಆ ವ್ಯಾಪಾರಿ ಮನೆಗೆ ಹೋಗಿ ಆರಿಸಿಕೊಳ್ಳಬಲ್ಲವನಾಗಿದ್ದ, ನಮ್ಮ ತಾತ ಆಗಿರಲಿಲ್ಲ. ಕೌಟಿಲ್ಯನಿಂದ ಸೋಮೇಶ್ವರನವರೆಗೆ ರತ್ನಪರೀಕ್ಷೆಯನ್ನು ಬರೆದದ್ದು ಕೊಳ್ಳುವವನಿಗಾಗಿ. ಹೊಲದವನಿಗಾಗಿ ಯಾರೂ ಬರೆಯಲಿಲ್ಲ. ತಾತನ ನಷ್ಟ ಬುದ್ಧಿಯದಲ್ಲ, ಆ ವಿದ್ಯೆ ಎಂದೂ ಬದುವಿನವರೆಗೆ ಬರಲಿಲ್ಲ ಎಂಬುದರದು.

ಇದನ್ನು ಅವ್ವನಿಗೆ ಹೇಳಿದೆ. ಈಗ ತೊಂಬತ್ತರ ಹತ್ತಿರ. ಪದಕವನ್ನು ಕಿಟಕಿಯ ಬಿಸಿಲಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದರು. "ಈ ಎರಡನ್ನ ಯಾಕೆ ಇಟ್ಕಂಡಿದ್ದ ಹಂಗಾರೆ?" ಅಂತ ಕೇಳಿದರು. ಐವತ್ತು ವರ್ಷದಲ್ಲಿ ಆ ಮನೆಯಲ್ಲಿ ಮೊದಲ ಸಲ ತಾತನ ಬಗ್ಗೆ ಯಾರೋ ಒಂದು ಪ್ರಶ್ನೆ ಕೇಳಿದ್ದು ಅದು. ನನಗೆ ಅನ್ನಿಸುವುದು, ಅವರೂ ತಮ್ಮ ರೀತಿಯಲ್ಲಿ ಪರೀಕ್ಷೆ ಮಾಡಿದ್ದರು.

ಚರ್ಚೆ

ಪ್ರಶ್ನೆ (ಅಧ್ಯಾಪಕರಿಂದ): ತಾವರ್ನಿಯೆ ನೋಡಿದ್ದು ವಜ್ರದ ಪೇಟೆ. ಅದನ್ನು ಮಾಣಿಕ್ಯಕ್ಕೆ ಹೊಂದಿಸುವುದು ಎಷ್ಟು ಸರಿ?

ಉತ್ತರ: ನ್ಯಾಯವಾದ ಪ್ರಶ್ನೆ ಸರ್. ಬೆಲೆ, ಗಣಿ, ಗುತ್ತಿಗೆಯ ವಿಷಯದಲ್ಲಿ ಹೊಂದಿಸಬಾರದು. ನಾನು ತೆಗೆದುಕೊಂಡಿರುವುದು ಎರಡನ್ನೇ: ಒರಟು ಕಲ್ಲನ್ನು ಯಾವ ಬೆಳಕಿನಲ್ಲಿ ನೋಡಬೇಕು ಎಂಬ ಆಯ್ಕೆ, ಮತ್ತು ಆ ನೋಟವನ್ನು ಯಾರೊಡನೆ ಹಂಚಿಕೊಳ್ಳಬೇಕು ಎಂಬ ಕಟ್ಟುಪಾಡು. ಪ್ರಬಂಧದ ಅಚ್ಚುರೂಪದಲ್ಲಿ ಈ ಗೆರೆಯನ್ನು ಇನ್ನೂ ಸ್ಪಷ್ಟವಾಗಿ ಎಳೆಯುತ್ತೇನೆ.

ಪ್ರಶ್ನೆ (ಸಹಪಾಠಿಯಿಂದ): ಹಾಳಾದ ಮೊದಲ ಕಲ್ಲು ಏನಾಯ್ತು? ಮತ್ತೆ ಕೆತ್ತಿಸಬಹುದಲ್ವಾ?

ಉತ್ತರ: ಕೆತ್ತಿಸಬಹುದು, ಆದರೆ ಮೂರರಲ್ಲಿ ಒಂದು ಭಾಗವೂ ಉಳಿಯುವುದಿಲ್ಲ. ಅದನ್ನು ಹಾಗೇ ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಅವಸರದಲ್ಲಿ ಏನಾದರೂ ತೀರ್ಮಾನ ಬರೆಯಲು ಹೊರಟಾಗ ಆ ಅಂಚಿನ ಅರ್ಧ ನಕ್ಷತ್ರ ಕಣ್ಣಿಗೆ ಬೀಳುತ್ತದೆ. ಸಾಕು ಅಷ್ಟು.